ಕೊನೆಯ ಅಕ್ಷರ

ಮಧ್ಯಾಹ್ನ ಒಂದೂವರೆಗೆ ಅವನು ಇಪ್ಪತ್ತಮೂರನೆಯ ಸಲ ತಪ್ಪೊಪ್ಪಿಕೊಳ್ಳಲು ಕೂತ. ಹಿಂದಿನ ಇಪ್ಪತ್ತೆರಡರಲ್ಲಿ ಎರಡು ಮಾತ್ರ ಅವನ ತಪ್ಪುಗಳು. ಉಳಿದವು ಬೇರೆಯವರ ತಪ್ಪು, ಬೇರೆಯವರ ಸಹಿ, ಅವನ ವಾಕ್ಯ. ಶಸ್ತ್ರಚಿಕಿತ್ಸಾ ವಿಭಾಗದ ತರಬೇತಿ ವೈದ್ಯರಿಗೆಂದು ಕೊಟ್ಟಿದ್ದ ಆ ಕೋಣೆಯಲ್ಲಿ ಒಂದು ಕಬ್ಬಿಣದ ಮಂಚ, ಬಾಗಿಲು ಕೂಡದ ಒಂದು ಬೀರು, ಒಂದು ಮೇಜು. ಮೇಜಿನ ಡ್ರಾಯರಿನ ಹಿಡಿಕೆಗೆ, ಗಂಟು ಹಾಕುವುದನ್ನು ಅಭ್ಯಾಸ ಮಾಡಿದವರೆಲ್ಲ ವರ್ಷಾನುಗಟ್ಟಲೆ ಬಿಟ್ಟುಹೋದ ಹೊಲಿಗೆಯ ಕಪ್ಪು ದಾರ ಜಡೆಗಟ್ಟಿತ್ತು. ಕಾಗದ ತೆಗೆಯಬೇಕೆಂದರೆ ಯಾರದೋ ತುರುಬು ಹಿಡಿದು ಎಳೆದಂತಾಗುತ್ತಿತ್ತು. ಎಳೆದ. ಬಿಳಿ ಹಾಳೆ ತೆಗೆದ. ಪೆನ್ನಿನ ಮುಚ್ಚಳ ಬಿಚ್ಚಿ, ತಾರೀಕು ಹಾಕಿ, ‘ಪೂಜ್ಯರಲ್ಲಿ’ ಎಂದು ಬರೆದ. ‘ಪೂ’ ಚೆನ್ನಾಗಿ ಬಂತು. ಇಂಥ ಹೊತ್ತಿನಲ್ಲೂ ‘ಪೂ’ ಚೆನ್ನಾಗಿ ಬಂತೆಂದು ಗಮನಿಸಿದ ತನ್ನ ಕಣ್ಣಿನ ಬಗ್ಗೆ ಅವನಿಗೆ ಹೇಸಿಗೆಯಾಯಿತು. ಆ ಹೇಸಿಗೆಯೂ ಹಳೆಯದೇ. ಹೆಚ್ಚು ಹೊತ್ತು ನಿಲ್ಲುವಂಥದ್ದಲ್ಲ.

ಪತ್ರದ ಪದ್ಧತಿ ದೊಡ್ಡವರದು. ದೊಡ್ಡವರು ಎಂದರೆ ವಿಭಾಗದ ಮುಖ್ಯಸ್ಥರು. ಅದು ಬೆನ್ನ ಹಿಂದಿನ ಹೆಸರು. ಎದುರಿಗೆ ಅವರನ್ನು ಕರೆಯುವ ಪ್ರಸಂಗವೇ ಯಾರಿಗೂ ಬರುತ್ತಿರಲಿಲ್ಲ, ಕರೆಯುವುದೆಲ್ಲ ಅವರ ಕಡೆಯಿಂದಲೇ. ಬೈದು ಮುಗಿಸಿ, ಬೈಸಿಕೊಂಡವರಿಗಿಂತ ತಾವೇ ಹೆಚ್ಚು ಸುಸ್ತಾದವರ ದನಿಯಲ್ಲಿ ‘ಪತ್ರ ಬರಿ’ ಎನ್ನುತ್ತಿದ್ದರು. ಪತ್ರ ಸ್ವಂತ ಕೈಬರಹದಲ್ಲಿ, ಶುದ್ಧ ಭಾಷೆಯಲ್ಲಿ ಇರಬೇಕು. ‘ಸಾರಿ’ ನಿಷಿದ್ಧ. “ಸಾರಿ ಅನ್ನೋದು ಬಸ್ಸಲ್ಲಿ ಕಾಲು ತುಳಿದಾಗ ಹೇಳೋ ಮಾತು ಕಣಯ್ಯಾ, ವೈದ್ಯನಾದವನು ಹೇಳೋದಲ್ಲ,” ಎಂದು ಪ್ರತಿ ವರ್ಷ ಹೊಸಬರಿಗೆ ಅದೇ ನಗೆಯೊಂದಿಗೆ ಹೇಳುತ್ತಿದ್ದರು, ಪ್ರತಿ ವರ್ಷ ಹಳಬರು ಅದೇ ಜಾಗದಲ್ಲಿ ನಗುತ್ತಿದ್ದರು. ಸಂಜೆ ನಾಲ್ಕರ ಸಭೆಯಲ್ಲಿ ಪತ್ರವನ್ನು ಗಟ್ಟಿಯಾಗಿ ಓದಿ, ಕೆಂಪು ಪೆನ್ನಿನಿಂದ ವ್ಯಾಕರಣ ತಿದ್ದಿ, ಒಂದು ದಪ್ಪ ಫೈಲಿಗೆ ಸೇರಿಸುತ್ತಿದ್ದರು. ಆ ಫೈಲಿಗೆ ಮಹಾಗ್ರಂಥವೆಂದು ಹೆಸರು. ಒಬ್ಬರ ಹೆಸರಿನಲ್ಲಿ ಮೂರು ಪತ್ರವಾದರೆ ತರಬೇತಿ ಆರು ತಿಂಗಳು ಮುಂದಕ್ಕೆ ಹೋಗುತ್ತಿತ್ತು. ಈ ನಿಯಮ ಯಾವ ಪುಸ್ತಕದಲ್ಲೂ ಇರಲಿಲ್ಲ, ಆದ್ದರಿಂದಲೇ ಅದನ್ನು ಯಾರೂ ಮುರಿದಿರಲಿಲ್ಲ. ಮುರಿಸಿಕೊಳ್ಳುವ ಭಾಗ್ಯ ಅಲ್ಲಿ ಬರೆದಿಟ್ಟ ನಿಯಮಗಳಿಗೆ ಮಾತ್ರ ಇತ್ತು.

ಮೂರನೆಯ ವರ್ಷದವನಾದ ಅವನಿಗೆ ದೊಡ್ಡವರು ಇಟ್ಟ ಹೆಸರು ಗುಮಾಸ್ತ. ಮೊದಲ ವರ್ಷದಲ್ಲಿ, ಆರು ಗಂಟೆಗಳ ಒಂದು ಆಪರೇಷನ್ನಿನ ನಾಲ್ಕನೆಯ ಗಂಟೆಯಲ್ಲಿ, ಅವನು ಗಾಯ ಅಗಲಿಸಿ ಹಿಡಿದಿದ್ದ ಕೊಕ್ಕೆಯ ಸಮೇತ ತಲೆಸುತ್ತಿ ಬಿದ್ದಿದ್ದ. ಎಚ್ಚರವಾದಾಗ ಅವನ ಎದೆಯ ಆಚೆಗೊಂದು ಈಚೆಗೊಂದು ದೊಡ್ಡವರ ಬಿಳಿ ಚಪ್ಪಲಿಗಳಿದ್ದವು; ಅವರು ಅವನನ್ನು ದಾಟಿಕೊಂಡು ನಿಂತು ಹೊಲಿಗೆ ಹಾಕುತ್ತಿದ್ದರು. “ಅಲ್ಲೇ ಇರಲಿ, ನೆಲ ಒರೆಸೋರು ಬಂದಾಗ ಎತ್ಕೊಂಡು ಹೋಗ್ತಾರೆ,” ಎಂದರು. ಎಲ್ಲರೂ ನಕ್ಕರು. ನೆಲದ ಮೇಲಿದ್ದ ಅವನೂ, ತನ್ನ ಪಾಲಿನದನ್ನು ಸಲ್ಲಿಸುವವನ ಹಾಗೆ, ಒಂದಿಷ್ಟು ನಕ್ಕ. ಸಂಜೆ ಅವನ ಪತ್ರ ಓದಿ ದೊಡ್ಡವರು ಹುಬ್ಬೇರಿಸಿ, “ಭಾಷೆ ಚೆನ್ನಾಗಿದೆಯಲ್ಲೋ! ಅಕ್ಷರ ಮುತ್ತಿನ ಹಾಗಿದೆ. ಡಾಕ್ಟರಾಗೋಕೆ ಯಾಕೆ ಬಂದೆ, ಗುಮಾಸ್ತನಾಗಬಹುದಿತ್ತು,” ಎಂದಿದ್ದರು. ಆ ರಾತ್ರಿ ಅಪ್ಪನಿಗೆ ಫೋನು ಮಾಡಿದವನು ಬಿದ್ದದ್ದನ್ನು ಹೇಳಲಿಲ್ಲ, ದಾಟಿದ್ದನ್ನು ಹೇಳಲಿಲ್ಲ. ಮುತ್ತಿನ ವಿಷಯ ಮಾತ್ರ ಹೇಳಿದ್ದ.

ಅಕ್ಷರ ಅಪ್ಪನಿಂದ ಬಂದದ್ದು. ನೋಂದಣಿ ಕಚೇರಿಯ ಮೆಟ್ಟಿಲ ಪಕ್ಕ ಮಡಚುವ ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡುವುದು ಅಪ್ಪನ ಕಸುಬು. ಬೆಳಿಗ್ಗೆಯಿಂದ ಸಂಜೆಯವರೆಗೆ ಅವರು ವಿಧವೆಯಾಗುತ್ತಿದ್ದರು, ಮನೆ ಕಳೆದುಕೊಂಡವನಾಗುತ್ತಿದ್ದರು, ಅಣ್ಣನ ಮೇಲೆ ದಾವೆ ಹೂಡುವ ತಮ್ಮನಾಗುತ್ತಿದ್ದರು. ಎಲ್ಲ ಅರ್ಜಿಯಲ್ಲೂ ‘ನಾನು’. ರಜೆಯಲ್ಲಿ ಪಕ್ಕ ಕೂತ ಮಗನಿಗೆ ಎರಡು ಪಾಠ ಹೇಳಿದ್ದರು. ಒಂದು: “ಕೊನೇ ಅಕ್ಷರ ನೋಡ್ಕೊಳ್ಳೋ. ಹಕ್ಕುದಾರನೋ ಹಕ್ಕುದಾರಳೋ, ನೊಂದವನೋ ನೊಂದವಳೋ. ‘ನು’ ಹೋಗಿ ‘ಳು’ ಆದ್ರೆ ಆಸ್ತಿನೇ ಕೈ ಬದಲಾಗುತ್ತೆ.” ಇನ್ನೊಂದು, ಯಾರೋ ತಮ್ಮ ಸುಳ್ಳನ್ನು ಬರೆಸಿಕೊಂಡು ಹೋದ ಮೇಲೆ ಪೆನ್ನು ಒರೆಸುತ್ತ ಹೇಳಿದ್ದು: “ಬರೆದವನಿಗೆ ಪಾಪ ಅಂಟಲ್ಲ, ಮಗಾ. ಸಹಿ ಹಾಕಿದವನಿಗೆ.” ಎರಡನೆಯದನ್ನು ಅವನು ಹೆಚ್ಚು ಶ್ರದ್ಧೆಯಿಂದ ಕಲಿತ. ವಿಭಾಗದಲ್ಲಿ ಯಾರಿಗೆ ‘ಪತ್ರ ಬರಿ’ ಆದರೂ ಅವನ ಬಳಿ ಬರುತ್ತಿದ್ದರು. ಅವನು ಕರಡು ಮಾಡಿಕೊಡುತ್ತಿದ್ದ, ಅವರು ತಮ್ಮ ಕೈಯಲ್ಲಿ ನಕಲು ಮಾಡಿ ಸಹಿ ಹಾಕುತ್ತಿದ್ದರು. ತಾನು ಎಲ್ಲರಿಗೂ ಉಪಕಾರ ಮಾಡುತ್ತಿದ್ದೇನೆಂದು ಅವನು ನಂಬಿದ್ದ. ಗಲ್ಲಿಗೆ ಹಗ್ಗ ನಯವಾಗಿ ಹೊಸೆದುಕೊಡುವವನೂ ಒಂದು ಬಗೆಯಲ್ಲಿ ಉಪಕಾರಿಯೇ.

ಇವತ್ತಿನದು ಮೊದಲ ವರ್ಷದ ಹುಡುಗಿಗಾಗಿ. ರೌಂಡ್ಸಿನ ನಡುವೆ ಒಮ್ಮೆ ಸ್ಟೂಲಿನ ಮೇಲೆ ಕೂತಳೆಂಬ ಕಾರಣಕ್ಕೆ ದೊಡ್ಡವರು ಅವಳನ್ನು ಮಹಾರಾಣಿ ಎಂದು ಕರೆಯುತ್ತಿದ್ದರು. ಅದಕ್ಕೆ ಮೊದಲ ಪತ್ರ. ಎರಡನೆಯದು, ಅಜ್ಜಿ ತೀರಿಕೊಂಡ ದಿನ ಫೋನು ಎತ್ತಿದ್ದಕ್ಕೆ. ಇದು ಮೂರನೆಯದು.

ಬೆಳಿಗ್ಗೆ ಒಂಬತ್ತಕ್ಕೆ ಮೇಜಿನ ಮೇಲೆ ಮಲಗಿದ್ದವನು ಒಬ್ಬ ಮುದಿ ದರ್ಜಿ. ತೊಡೆಸಂದಿನ ಹರ್ನಿಯಾ, ನಿಂತರೆ ಉಬ್ಬಿ ಕಾಣುವ, ಮಲಗಿದರೆ ಮಾಯವಾಗುವ ಗಂಟು. ಸೊಂಟಕ್ಕೆ ಚುಚ್ಚಿ ಕೆಳಗಿನ ಅರ್ಧವನ್ನು ಮರಗಟ್ಟಿಸಿದ್ದರು, ಮೇಲಿನ ಅರ್ಧ ಪರದೆಯ ಆಚೆ ಎಚ್ಚರವಾಗಿ ಸೂರು ನೋಡುತ್ತಿತ್ತು. ಕತ್ತರಿಸುವ ಮುಂಚೆ ಕೇಳಬೇಕಾದ ಪ್ರಶ್ನೆಗಳ ಪಟ್ಟಿಯೊಂದು ಗಾಜು ಹಾಕಿಸಿಕೊಂಡು ಗೋಡೆಯ ಮೇಲೆ ನೇತಾಡುತ್ತಿತ್ತು. ಆದರೆ ದೊಡ್ಡವರು ಕೇಳುವವರಲ್ಲ, ಹೇಳುವವರು. ದಿನದ ಆಪರೇಷನ್ ಪಟ್ಟಿ ನೋಡಿ, “ಬಲಗಡೆ. ಸರಿ. ಚಾಕು,” ಎಂದರು. ಆಗ ಪರದೆಯ ಆಚೆಯಿಂದ ದರ್ಜಿ ಬಹಳ ಸಂಕೋಚದಿಂದ, ಅಂಗಡಿಯಲ್ಲಿ ಗಿರಾಕಿಯ ಅಳತೆ ತಿದ್ದುವವನ ಹಾಗೆ, “ಬಲ ಅಲ್ಲ ಸ್ವಾಮೀ, ಎಡ ಇರಬೇಕು. ನೋಡಿ ಒಂದ್ಸಲ,” ಎಂದ. ಚಾಕು ನಿಂತಿತು. ಮುಖವಸ್ತ್ರದ ಮೇಲೆ ದೊಡ್ಡವರ ಎರಡು ಕಣ್ಣುಗಳು, ಇಪ್ಪತ್ತೆಂಟು ವರ್ಷಗಳ ಅನುಭವವನ್ನು ಒಬ್ಬ ದರ್ಜಿ ಹರಿದು ಹಾಕಿದ್ದನ್ನು ನೋಡುತ್ತ, ಮೆಲ್ಲಗೆ ಸುತ್ತಲೂ ತಿರುಗಿದವು. “ಪಟ್ಟಿ ಬರೆದೋರು ಯಾರು?”

“ನಾನು ಸರ್,” ಎಂದಳು ಹುಡುಗಿ.

ಅವನು ಎದುರಿಗೆ ನಿಂತಿದ್ದ, ಕೈಯಲ್ಲಿ ಔಷಧಿಯಲ್ಲಿ ಅದ್ದಿದ ಹತ್ತಿ. ಅವಳು ಇನ್ನೊಂದು ವಾಕ್ಯ ಸೇರಿಸುತ್ತಾಳೆಂದು ಕಾದ. ಸೇರಿಸಲಿಲ್ಲ. ದೊಡ್ಡವರು ಎತ್ತಿದ ಉದ್ದನೆಯ ಉಕ್ಕಿನ ಇಕ್ಕಳ, ಫೋರ್ಸೆಪ್ಸ್, ಅವಳ ಬಲಗೈಯ ಗೆಣ್ಣುಗಳ ಮೇಲೆ ಬಿತ್ತು. ಒಮ್ಮೆ, ತುಸು ತಡೆದು ಮತ್ತೊಮ್ಮೆ. ಎರಡನೆಯದು ಸಿಟ್ಟಿನದಲ್ಲ, ಬೋಧನೆಯದು. “ಕೇಸ್ ಶೀಟಲ್ಲಿ ಎಡ, ಪಟ್ಟಿಯಲ್ಲಿ ಬಲ! ಮಹಾರಾಣಿಯವರಿಗೆ ಓದೋಕೆ ಬರಲ್ವೋ, ಬರೆಯೋಕೆ ಬರಲ್ವೋ? ಹೋಗು, ಆ ಗೋಡೆ ನೋಡ್ತಾ ನಿಂತ್ಕೋ. ಗೋಡೆಗೆ ಎಡ ಬಲ ಇಲ್ಲ, ತೊಂದರೆಯಾಗಲ್ಲ.” ಮುಕ್ಕಾಲು ಗಂಟೆ ಅವಳು ಗೋಡೆ ನೋಡುತ್ತ ನಿಂತಳು. “ಆ ಮಗೀಗೆ ಹೊಡೀಬೇಡಿ ಸ್ವಾಮೀ, ನಾನೇ ಮೊದಲೇ ಬಾಯಿಬಿಡಬೇಕಿತ್ತು, ತಪ್ಪಾಯ್ತು,” ಎಂದ ದರ್ಜಿ. ಆ ವಿಭಾಗದಲ್ಲಿ ರೋಗಿಗಳಿಗೂ ಕ್ಷಮೆ ಕೇಳುವ ರೋಗ ಹತ್ತಿಕೊಂಡಿತ್ತು. ಗುಮಾಸ್ತ ಒಬ್ಬನೇ ಅಲ್ಲಿ ಏನೂ ಹೇಳದವನು. ತನ್ನ ಹೆಸರನ್ನು ಅವಳು ಹೇಳಲಿಲ್ಲವೆಂದು ಅವನು ಮೊದಲು ಕೃತಜ್ಞನಾದ. ಎಡಗಡೆಯ ಚರ್ಮ ಬಿಚ್ಚಿಕೊಳ್ಳುವ ಹೊತ್ತಿಗೆ, ತನ್ನನ್ನು ಕೃತಜ್ಞನಾಗಿಸಿದಳೆಂದು ಅವಳನ್ನು ದ್ವೇಷಿಸತೊಡಗಿದ್ದ.

ಏಕೆಂದರೆ ಬಲ ಅವನದು. ಆ ಪಟ್ಟಿಯನ್ನು ನಿನ್ನೆ ಮಧ್ಯಾಹ್ನ ಇದೇ ಮೇಜಿನ ಮುಂದೆ, ಒಂದು ಕೈಯಲ್ಲಿ ಊಟ ಮಾಡುತ್ತ ಅವನು ಹೇಳಿದ್ದ, ಅವಳು ಬರೆದುಕೊಂಡಿದ್ದಳು. ಹೊರರೋಗಿ ವಿಭಾಗದಲ್ಲಿ ದರ್ಜಿಯನ್ನು ನಿಲ್ಲಿಸಿ, ಕೆಮ್ಮಿಸಿ ನೋಡಿದವನು ಅವನೇ. ಎದುರಿಗೆ ನಿಂತು ನೋಡಿದ್ದ, ಎದುರಿಗೆ ನಿಂತವನ ಎಡ ತನ್ನ ಬಲಗೈಯ ಕಡೆಗಿತ್ತು. ಮೊದಲ ತಿಂಗಳ ವಿದ್ಯಾರ್ಥಿಗಳು ಮಾಡುವ ತಪ್ಪು. ಅದಕ್ಕೆ ಅವನೇ ಅವರನ್ನು ಎಷ್ಟೋ ಸಲ ಹಂಗಿಸಿದ್ದ. “ಸರ್, ವಾರ್ಡಿನ ಕೇಸ್ ಶೀಟಲ್ಲಿ ಎಡ ಅಂತಿದೆ,” ಎಂದು ಅವಳು ಪೆನ್ನು ನಿಲ್ಲಿಸಿದ್ದಳು. “ನಾನು ನಿಲ್ಲಿಸಿ ನೋಡಿದ್ದೀನಿ. ನಾನು ಹೇಳ್ತಿದ್ದೀನಲ್ಲ, ಬರಿ.” ಅವಳು ಇನ್ನೂ ತಡೆದಾಗ, ಬಾಯಲ್ಲಿದ್ದದ್ದನ್ನು ನುಂಗಿ, “ಏನಮ್ಮಾ ಮಹಾರಾಣಿ, ನಾನು ಹೇಳ್ತಿದ್ದೀನಲ್ಲ?” ಎಂದ. ಆ ಸ್ವರ ಎಲ್ಲಿಯದೆಂದು ಆಗ ಹೊಳೆಯಲಿಲ್ಲ. ಈಗ ಹೊಳೆಯಿತು. ದೊಡ್ಡವರ ಶಸ್ತ್ರವಿದ್ಯೆಯಲ್ಲಿ ಅವನು ಮೂರು ವರ್ಷಕ್ಕೆ ಕಲಿತದ್ದು ಕಾಲು ಭಾಗ. ಸ್ವರವನ್ನು ಪೂರ್ತಿ ಕಲಿತಿದ್ದ.

“ಡಾಕ್ಟ್ರೇ, ಸಾಹಿತ್ಯ ಮುಗೀತಾ?” ವಾರ್ಡಿನ ಹಿರಿಯ ನರ್ಸು ಬಾಗಿಲಲ್ಲಿ ನಿಂತಿದ್ದರು. ಇಪ್ಪತ್ತು ವರ್ಷದಿಂದ ಬಂದು ಹೋಗುವ ತರಬೇತಿ ವೈದ್ಯರನ್ನು ನೋಡಿ ನೋಡಿ ಅವರ ಕಣ್ಣಿಗೆ ಒಂದು ಬಗೆಯ ಪೊರೆ ಬಂದಿತ್ತು. ಅದರ ಆಚೆಯಿಂದ ಅವರಿಗೆ ಎಲ್ಲವೂ ಕಾಣುತ್ತಿತ್ತು. “ಹುಡುಗಿ ಕೈಗೆ ಐಸ್ ಇಟ್ಟಿದ್ದೀನಿ. ಎರಡು ಬೆರಳು ಬದನೆಕಾಯಿ ಆಗಿವೆ. ಮುರಿದಿಲ್ಲ, ಅದೇ ಪುಣ್ಯ.”

“ಏನಾದ್ರೂ ಹೇಳಿದಳಾ ಸಿಸ್ಟರ್?”

“ಯಾರ ಬಗ್ಗೆ?” ಎಂದು ಅವರು ತಟಕ್ಕನೆ ಕೇಳಿದರು. ಅವನು ಪೆನ್ನಿನ ಮೊನೆ ನೋಡಿದ. “ಏನೂ ಹೇಳಲಿಲ್ಲಪ್ಪಾ. ಹೇಳೋರಿಗೆ ಕೇಳೋರು ಬೇಕಲ್ಲ. ನೀವು ಬರೀರಿ, ಬರೀರಿ. ಚೆನ್ನಾಗಿ ಬರೀತೀರಿ.”

ನರ್ಸು ಹೋದ ಮೇಲೆ ಫೋನು ಹೊಡೆದುಕೊಂಡಿತು. ಅಪ್ಪ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಮಾಡುವ, ವಿಷಯವಿಲ್ಲದ ಫೋನು. ಊಟ ಆಯ್ತಾ, ಆಯ್ತು. ನಿದ್ದೆ ಮಾಡ್ತೀಯಾ, ಮಾಡ್ತೀನಿ. ಪರೀಕ್ಷೆಗೆ ಎಷ್ಟು ದಿನ, ಎರಡು ತಿಂಗಳು. “ನಿಮ್ಮಮ್ಮ ನಿನ್ನ ಹೆಸರಿನ ಹಿಂದೆ ಬರೋ ಅಕ್ಷರನೆಲ್ಲ ಈಗಲೇ ಬಾಯಿಪಾಠ ಮಾಡ್ತಿದ್ದಾಳೆ ಕಣೋ, ಪಕ್ಕದ ಮನೆಯೋರಿಗೆ ಹೇಳೋಕೆ,” ಎಂದು ಅಪ್ಪ ನಕ್ಕರು. ಅವನು ಇದ್ದಕ್ಕಿದ್ದಂತೆ ಕೇಳಿದ: “ಅಪ್ಪಾ, ಬರೆದವನಿಗೆ ಪಾಪ ಅಂಟಲ್ಲ ಅಂತಿದ್ದೆಯಲ್ಲ.”

“ಹೂಂ. ಅವರ ಮಾತನ್ನ ಅವರಿಗೆ ಬರೆದುಕೊಟ್ರೆ ಅಂಟಲ್ಲ.”

“ನನ್ನ ಮಾತನ್ನೇ ಅವರ ಹೆಸರಲ್ಲಿ ಬರೆದ್ರೆ?”

ಆ ಕಡೆ ಮಡಚುವ ಮೇಜು ಕಿರುಗುಟ್ಟಿತು. “ಅದಕ್ಕೆ ಅರ್ಜಿ ಅನ್ನಲ್ಲ ಮಗಾ, ಅದಕ್ಕೆ ಕೋರ್ಟಲ್ಲಿ ಬೇರೆ ಹೆಸರಿದೆ. ಯಾಕೆ?” ಎಂದವರು, ಉತ್ತರಕ್ಕೆ ಮೊದಲೇ ಯಾರಿಗೋ “ಬನ್ನಿ ತಾಯಿ, ಕೂತ್ಕೊಳ್ಳಿ,” ಎನ್ನುತ್ತ ಫೋನಿಟ್ಟರು. ಗಿರಾಕಿ ಬಂದಿದ್ದರಿಂದ ಬಚಾವಾದೆ ಎಂದುಕೊಂಡ. ಮಹಾಗ್ರಂಥದಲ್ಲಿ ತನ್ನ ಹೆಸರಲ್ಲೂ ಎರಡು ಪತ್ರಗಳಿವೆ ಎಂಬ ಲೆಕ್ಕ ಅವನಿಗೆ ಬೆಳಿಗ್ಗೆಯೇ, ಫೋರ್ಸೆಪ್ಸ್ ಮೇಲೆದ್ದು ಕೆಳಗೆ ಬೀಳುವಷ್ಟರಲ್ಲೇ ಆಗಿಹೋಗಿತ್ತು. ಮೂರನೆಯದಾದರೆ ಈ ಸಲ ಪರೀಕ್ಷೆ ಇಲ್ಲ. ಅವಳಿಗೆ ಆರು ತಿಂಗಳು ಹೋದರೆ ಏನು, ಇನ್ನೂ ಮೊದಲ ವರ್ಷ, ಚಿಕ್ಕವಳು. ಎಳೆಯ ಮೂಳೆ ಬೇಗ ಕೂಡುತ್ತದೆ. ಈ ಕೊನೆಯ ವಾಕ್ಯ ದೊಡ್ಡವರದೇ, ಯಾವಾಗಲೋ ಯಾರನ್ನೋ ಬೈದು ಹೇಳಿದ್ದು. ಆದರೂ ಪತ್ರ ಮುಂದುವರಿಸಿದ. ಪಟ್ಟಿಯಲ್ಲಿ ಘಟಿಸಿದ ಪ್ರಮಾದವನ್ನೂ, ಅದರಿಂದ ಪೂಜ್ಯರ ಕೀರ್ತಿಗೆ ಒದಗಬಹುದಾಗಿದ್ದ ಕಳಂಕವನ್ನೂ, ನೀಡಿದ ಶಿಕ್ಷೆಯಲ್ಲಿದ್ದ ವಾತ್ಸಲ್ಯವನ್ನೂ ಒಂದೊಂದು ವಾಕ್ಯದಲ್ಲಿ ಹೇಳಿದ. ‘ತಮ್ಮ ವಿಧೇಯ ವಿದ್ಯಾರ್ಥಿನಿಯಾದ ನಾನು’ ಎಂದು ಎಚ್ಚರದಿಂದ ಸ್ತ್ರೀಲಿಂಗದಲ್ಲೇ ಆರಂಭಿಸಿದ್ದ. ಕೊನೆಯ ವಾಕ್ಯಕ್ಕೆ ಬರುವ ಹೊತ್ತಿಗೆ ಎಚ್ಚರ ಬೇಕಿರಲಿಲ್ಲ, ಅದು ಇಪ್ಪತ್ತೆರಡು ಸಲ ಬರೆದ ವಾಕ್ಯ. ಕೈ ತಾನಾಗಿ ಓಡಿತು.

ಮೂರೂವರೆಗೆ ಅವಳು ಬಂದಳು. ಬಲಗೈಗೆ ಬಟ್ಟೆ ಸುತ್ತಿತ್ತು. ಹಾಳೆಯನ್ನು ಎಡಗೈಯಲ್ಲಿ ಹಿಡಿದು ಓದಿದಳು, ಕೊನೆಯವರೆಗೆ ಬಂದು ಮತ್ತೆ ಅದೇ ಸಾಲನ್ನು ಓದಿದಳು, ತಲೆಯೆತ್ತಿ ಅವನನ್ನು ನೋಡಿದಳು. ಮೆಚ್ಚಿದಳೇನೋ ಎಂದು ಅವನಿಗನ್ನಿಸಿತು. ಹೌದು, ಹಾಗೇ ಅನ್ನಿಸಿತು.

“ಏನಾದ್ರೂ ಬದಲಾಯಿಸಬೇಕಾ?”

“ಬೇಡ ಸರ್. ಸರಿಯಾಗಿದೆ.” ಹಾಳೆ ಮಡಚಿ ಏಪ್ರನ್ನಿನ ಜೇಬಿಗಿಟ್ಟಳು.

ನಾಲ್ಕರ ಸಭೆ ದೊಡ್ಡವರ ಕೋಣೆಯಲ್ಲಿ. ಅವರಿಗೆ ಕುರ್ಚಿ, ಉಳಿದವರಿಗೆ ಗೋಡೆ. ಎರಡು ಸಾಲಾಗಿ ಎಂಟು ಜನ ನಿಂತಿದ್ದರು. ಹುಡುಗಿ ಮುಂದೆ ಹೋಗಿ ಹಾಳೆಯನ್ನು ಮೇಜಿನ ಮೇಲಿಟ್ಟಳು. ದೊಡ್ಡವರು ಕನ್ನಡಕ ಏರಿಸಿ, ಕೆಂಪು ಪೆನ್ನು ಬಿಚ್ಚಿ, ಸಂಗೀತಕ್ಕೆ ಕೂತವರ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಓದತೊಡಗಿದರು. ‘ವಾತ್ಸಲ್ಯ’ದ ಬಳಿ ತಲೆದೂಗಿದರು. ಆಮೇಲೆ ನಿಂತರು. “ಇದಕ್ಕೆಲ್ಲ ನಾನೇ ತಪ್ಪಿತಸ್ಥನು,” ಎಂದು ಓದಿದರು, ಮತ್ತೆ, ಬಿಡಿಸಿ, “ತಪ್ಪಿತಸ್ಥ-ನು.” ಅವರ ಮುಖ ಅರಳಿತು. “ಮೇಲೆ ವಿದ್ಯಾರ್ಥಿನಿ, ಕೆಳಗೆ ತಪ್ಪಿತಸ್ಥನು! ಮಧ್ಯದ ಐದು ಸಾಲಲ್ಲಿ ಏನಮ್ಮಾ ಆಪರೇಷನ್ ಆಯ್ತು ನಿನಗೆ?” ಎರಡೂ ಸಾಲು ನಕ್ಕವು. ಗುಮಾಸ್ತನ ತುಟಿಯೂ ರೂಢಿಯಂತೆ ಅಗಲವಾಗಿ, ಅರ್ಧಕ್ಕೆ ಹಾಗೇ ನಿಂತುಬಿಟ್ಟಿತು. ಕೊನೇ ಅಕ್ಷರ ನೋಡ್ಕೊಳ್ಳೋ. ನೋಡಿಕೊಂಡಿರಲಿಲ್ಲ. ಇಪ್ಪತ್ತು ಸಲ ಬೇರೆಯವರಾಗಿ ಬರೆದಾಗ ಒಮ್ಮೆಯೂ ತಪ್ಪದ ಕೈ, ಇವತ್ತು ಅವನನ್ನು ಕೇಳದೆ ನಿಜ ಬರೆದುಬಿಟ್ಟಿತ್ತು.

ದೊಡ್ಡವರು ‘ನು’ವಿನ ಮೇಲೆ ಕೆಂಪು ಪೆನ್ನು ಇಳಿಸಿದವರು ತಡೆದರು. ಹಾಳೆಯನ್ನು ಬೆಳಕಿಗೆ ಹಿಡಿದರು. “ಇದು ನಿನ್ನ ಅಕ್ಷರ ಅಲ್ಲವಲ್ಲ?”

“ಅಲ್ಲ ಸರ್. ಕೈ ಊದಿದೆ, ಪೆನ್ನು ಹಿಡಿಯೋಕೆ ಆಗ್ಲಿಲ್ಲ. ಅವರು ಬರೆದಿದ್ದನ್ನೇ ತಂದೆ.” ಅವಳು ಯಾರೆಂದು ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ, ಮುತ್ತು ಯಾರದೆಂದು ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

“ಏನೋ ಗುಮಾಸ್ತ? ನಿಂದಾ?”

ಉತ್ತರ ಬಹಳ ಸುಲಭವಿತ್ತು. ‘ಬರೆದುಕೊಟ್ಟೆ ಸರ್, ಕೈತಪ್ಪು,’ ಎಂದರೆ ಮುಗಿಯಿತು. ಒಂದು ಬೈಗುಳ, ಒಂದು ನಗೆ, ‘ನು’ ಹೊಡೆದು ‘ಳು’. ಆರು ತಿಂಗಳು ಒಂದಕ್ಷರದ ಮೇಲೆ ಕೂತು ಅವನ ಗೋಡೆಯಿಂದ ಅವಳ ಗೋಡೆಗೆ ಹೋಗುತ್ತಿತ್ತು. ಅವನು ಹುಡುಗಿಯನ್ನು ನೋಡಿದ. ಅವಳು ಅವನನ್ನು ನೋಡುತ್ತಿರಲಿಲ್ಲ; ಬೆಳಿಗ್ಗೆಯ ಹಾಗೆಯೇ ಗೋಡೆ ನೋಡುತ್ತಿದ್ದಳು, ಯಾರೂ ಹೇಳದಿದ್ದರೂ.

“ಅಕ್ಷರ ನಂದು ಸರ್.”

“ಅದು ಕಾಣ್ತಿದೆ. ತಪ್ಪು?”

ಮೂರು ವರ್ಷದಲ್ಲಿ ದೊಡ್ಡವರು ಉತ್ತರ ಗೊತ್ತಿಲ್ಲದೆ ಅವನನ್ನು ಕೇಳಿದ ಮೊದಲ ಪ್ರಶ್ನೆ ಅದು. ಪಾಪ, ಅವರು ಕೇಳಿದ್ದು ವ್ಯಾಕರಣದ ತಪ್ಪನ್ನು. ತನ್ನ ಎದೆ ಹೊಡೆದುಕೊಳ್ಳುವುದು ಧೈರ್ಯದಿಂದಲ್ಲ, ಬಿದ್ದುಬಿಡುತ್ತೇನೆಂಬ ಹಳೆಯ ಹೆದರಿಕೆಯಿಂದ ಎಂದು ಅವನಿಗೆ ತಿಳಿದಿತ್ತು.

“ತಪ್ಪು ಸರಿಯಾಗಿಯೇ ಇದೆ ಸರ್. ತಿದ್ದಬೇಡಿ.”

ಯಾರೂ ನಗಲಿಲ್ಲ, ನಗಬೇಕೋ ಬೇಡವೋ ಎಂದು ದೊಡ್ಡವರ ಮುಖ ನೋಡಿದರು. ದೊಡ್ಡವರಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಹೇಳಿ ಬರೆಸಿದ್ದು ತಾನು, ಎದುರಿಗೆ ನಿಂತು ನೋಡಿದ್ದು ತಾನು, ಅವಳು ಎಡ ಎಂದಾಗ ಬಾಯಿ ಮುಚ್ಚಿಸಿದ್ದೂ ತಾನು ಎಂದು ಅವನು ಹೇಳಿ ಮುಗಿಸಿದ. ಆಶ್ಚರ್ಯವೆಂದರೆ ಅದರಲ್ಲಿ ಒಂದೂ ಒಳ್ಳೆಯ ವಾಕ್ಯವಿರಲಿಲ್ಲ. ಬೆಳಿಗ್ಗೆ ತಾವು ಹೊಡೆದದ್ದು ತಪ್ಪು ಕೈಗೆ ಎಂದು ದೊಡ್ಡವರ ಮುಖದಲ್ಲಿ ಹಾದುಹೋಗಬಹುದೆಂದು ಅವನು ಕಾದ. ಅವರು ಹಾಳೆಯನ್ನು ಅವನ ಕಡೆ ತಳ್ಳಿ, “ಹಾಗಾದ್ರೆ ಸಹಿ ಹಾಕು,” ಎಂದರು. ಹಾಕಿದ. ಸಹಿ ಸೊಟ್ಟಗೆ ಬಂತು. ದೊಡ್ಡವರು ‘ವಿದ್ಯಾರ್ಥಿನಿಯಾದ’ ಎಂಬಲ್ಲಿ ‘ನಿ’ ಹೊಡೆದು, ವಾತ್ಸಲ್ಯದ ಮುಂದೆ ಒಂದು ಅಲ್ಪವಿರಾಮ ಹಾಕಿದರು. ಲಿಂಗ ಸರಿಹೋಯಿತು. ಮಹಾಗ್ರಂಥ ಬಾಯಿ ತೆರೆದು ಹಾಳೆಯನ್ನು ನುಂಗಿ ಮುಚ್ಚಿಕೊಂಡಿತು. “ಮೂರು,” ಎಂದರು ದೊಡ್ಡವರು, ಮತ್ತು ನಾಳೆಯ ಪಟ್ಟಿ ಕೇಳಿದರು.

ಹೊರಗೆ ಉದ್ದನೆಯ ಪಡಸಾಲೆಯಲ್ಲಿ ಫಿನಾಯಿಲಿನ ಒದ್ದೆ ನೆಲದ ಮೇಲೆ ಇಬ್ಬರೂ ನಡೆದರು. ಅವಳು ಏನಾದರೂ ಹೇಳುತ್ತಾಳೆಂದು ಅವನು ಕಾಯುತ್ತಿದ್ದ. ಕಾಯುತ್ತಿದ್ದೇನೆಂದು ತಿಳಿದು ನಾಚಿಕೆಯಾಯಿತು, ಆದರೂ ಕಾದ.

“ಒಂಬತ್ತು ಗಂಟೆಗೆ ಹೊಡೆದ್ರು,” ಎಂದಳು ಕೊನೆಗೆ, ಹೆಜ್ಜೆ ನಿಲ್ಲಿಸದೆ. “ಈಗ ನಾಲ್ಕೂ ಕಾಲು. ಯಾಕೆ ಸರ್ ಇಷ್ಟೊತ್ತು?”

ಅವನು ಬಾಯಿ ತೆರೆದ. ‘ಪೂಜ್ಯರಲ್ಲಿ’ ಬಂತು, ‘ಪ್ರಮಾದ’ ಬಂತು, ‘ಕ್ಷಮಿಸಬೇಕಾಗಿ ವಿನಂತಿ’ ಬಂತು. ಮೂರು ವರ್ಷದ ಮುತ್ತುಗಳೆಲ್ಲ ಸಾಲಾಗಿ ಗಂಟಲಿಗೆ ಬಂದು ಒಂದೊಂದಾಗಿ ವಾಪಸು ಹೋದವು. ಇಷ್ಟು ಪತ್ರ ಬರೆದವನು ಒಂದನ್ನೂ ಅವಳಿಗೆ ಬರೆದಿರಲಿಲ್ಲ.

“ಸಾರಿ,” ಎಂದ, ಬಸ್ಸಿನಲ್ಲಿ ಕಾಲು ತುಳಿದವನ ಹಾಗೆ.

ಅವಳು ಬಟ್ಟೆ ಸುತ್ತಿದ ಕೈಯನ್ನು ಎದೆಗೆ ಒತ್ತಿಕೊಂಡು ನಿಂತಳು. “ಆ ದರ್ಜಿ ತಾತನ ಡ್ರೆಸ್ಸಿಂಗ್ ನೋಡಬೇಕು ಸರ್, ನನ್ನ ಕೈಲಾಗಲ್ಲ. ನೀವು ನೋಡಿ,” ಎಂದು, ಎರಡು ಹೆಜ್ಜೆ ಹೋಗಿ ತಿರುಗಿದಳು. “ಎಡಗಡೆ.”